ಮೋಟರ್ ಸದ್ದಿನ ಮರೆಯಲ್ಲಿ

"ನನ್ನ ಜೊತೆ ಬರ್ತೀರಾ?" ಎಂದು ಅವನು ಫೋನಿನಲ್ಲಿ ಕೇಳಿದ ಮರುಕ್ಷಣವೇ ವಾಷಿಂಗ್ ಮೆಷಿನ್ ಕೈಕೊಟ್ಟಿತು. ಕೆಡುವುದಕ್ಕೆ ಅದಕ್ಕೆ ಬೇರೆ ಹೊತ್ತೇ ಸಿಗಲಿಲ್ಲ ನೋಡಿ. ಗುಂಯ್ ಎಂದು ಒಮ್ಮೆ ನರಳಿ, ತಿರುಗದೆ, ಸುಮ್ಮನಾಗಿಬಿಟ್ಟಿತು. ಪುಟ್ಟಿ ಉತ್ತರ ನುಂಗಿಕೊಂಡು ಫೋನ್ ಕಟ್ ಮಾಡಿದಳು.

ಆ ಮನೆಯಲ್ಲಿ ಅವಳದೇ ಎನ್ನುವ ಜಾಗವೆಂದರೆ ಆ ಮೆಷಿನ್ನಿನ ಸದ್ದು ಒಂದೇ. ಅಡುಗೆಮನೆಯ ಹಿಂದೆ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಇಕ್ಕಟ್ಟಿನಲ್ಲಿ ಮೆಷಿನ್ ಇತ್ತು. ಅದರ ಮೇಲಿನ ಕಿಟಕಿ ನೇರ ಹಾಲಿಗೆ ತೆರೆದುಕೊಳ್ಳುತ್ತಿತ್ತು. ಅತ್ತಿಗೆಯ ಕಿವಿ ಎಷ್ಟು ಚುರುಕೆಂದರೆ, ಇಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ ಅಲ್ಲಿಂದ "ಪುಟ್ಟಿ, ಸಕ್ಕರೇನಾ?" ಎಂದು ಕೇಳುತ್ತಿದ್ದಳು. ಮೋಟರ್ ತಿರುಗುವಷ್ಟು ಹೊತ್ತು ಮಾತ್ರ ಪುಟ್ಟಿ ಮನಸ್ಸು ಬಿಚ್ಚಿ ಮಾತಾಡಬಹುದಿತ್ತು. ನಡುವೆ ಬಟ್ಟೆ ನೆನೆಯಲೆಂದು ಮೆಷಿನ್ ಸ್ವಲ್ಪ ಹೊತ್ತು ಸದ್ದು ನಿಲ್ಲಿಸುತ್ತಿತ್ತು. ಅದಕ್ಕೆ ಮೊದಲು ಟಕ್ ಎಂದು ಒಂದು ಸಣ್ಣ ಸದ್ದು. ಆ ಟಕ್ ಕೇಳಿದ್ದೇ ತಡ, ಅವಳ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ. ಅತ್ತಿಗೆಗೆ ಅವಳಿ ಮಕ್ಕಳಾದಾಗ ಸ್ವಲ್ಪ ದಿನದ ಮಟ್ಟಿಗೆ ಎಂದು ಅಣ್ಣನ ಮನೆಗೆ ಬಂದವಳು. ಆ ಮಕ್ಕಳು ಈಗ ಸ್ಕೂಲಿಗೆ ಹೋಗುತ್ತಾರೆ, ಅವಳು ಮಾತ್ರ ಇಲ್ಲೇ ಇದ್ದಾಳೆ. "ಪುಟ್ಟಿ ಇಲ್ದಿದ್ರೆ ನಮ್ಮ ಗತಿ ಏನು" ಎಂದು ಅಣ್ಣ ಪ್ರೀತಿಯಿಂದಲೇ ಹೇಳುತ್ತಿದ್ದ. ಬಂದ ಸಂಬಂಧಗಳನ್ನು "ಮಕ್ಕಳು ಸ್ವಲ್ಪ ದೊಡ್ಡವಾಗ್ಲಿ" ಎಂದು ಪ್ರೀತಿಯಿಂದಲೇ ವಾಪಸ್ ಕಳಿಸಿದ್ದ. ಬೈದಿದ್ದರೆ ಜಗಳವಾಡಿ ಹೊರಟುಬಿಡಬಹುದಿತ್ತು. ಇಷ್ಟು ಪ್ರೀತಿಯ ಜೊತೆ ಯಾವ ಬಾಯಲ್ಲಿ ಜಗಳವಾಡುವುದು?

ಫೋನಿನಲ್ಲಿ ಹಾಗೆ ಕೇಳಿದವನು ಮೆಷಿನ್ ರಿಪೇರಿಯ ಮೆಕ್ಯಾನಿಕ್. ಹಿಂದೊಮ್ಮೆ ನೀರು ಹೊರಹೋಗದೆ ಮೆಷಿನ್ ಕೆಟ್ಟಾಗ ಬಂದಿದ್ದ. ಪೈಪಿನೊಳಗಿಂದ ಅಣ್ಣನ ಒಂದು ಕಾಲುಚೀಲ ಎಳೆದು, "ಪಾಪ, ಒಂಟಿ. ಜೋಡಿ ಎಲ್ಲಿದೆಯೋ" ಎಂದು ಗಂಭೀರವಾಗಿ ಹೇಳಿದ್ದ. ಪುಟ್ಟಿ ನಕ್ಕುಬಿಟ್ಟಿದ್ದಳು. ಆಮೇಲೆ "ಮೆಷಿನ್ ಹೇಗಿದೆ?" ಎಂದು ವಿಚಾರಿಸಲು ಅವನು ಮಾಡಿದಷ್ಟು ಫೋನನ್ನು ಯಾವ ಡಾಕ್ಟರೂ ಯಾವ ರೋಗಿಗೂ ಮಾಡಿರಲಾರ.

ಈಗ ಅವನು ಬೇರೆ ಊರಿನಲ್ಲಿ ಸ್ವಂತ ಅಂಗಡಿ ಹಿಡಿದಿದ್ದ. ಬರುವ ಸೋಮವಾರ ಹೊರಡುವವನಿದ್ದ. ಮೆಷಿನ್ ಕೆಟ್ಟ ಮೇಲೆ ಅವರಿಬ್ಬರಿಗೆ ಮಾತೇ ಆಗಿರಲಿಲ್ಲ. ಮೆಸೇಜ್ ಹಾಕೋಣವೆಂದರೆ ಫೋನ್ ಸದಾ ಮಕ್ಕಳ ಕೈಯಲ್ಲಿ, ಕಾರ್ಟೂನಿಗೆ. ಅಲ್ಲದೆ ಏನೆಂದು ಬರೆಯುವುದು? ಉತ್ತರ ಅವಳಿಗೇ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ, ಅಣ್ಣ ಕರೆಸಿದನೆಂದು ಅವನು ಟೂಲ್ ಬ್ಯಾಗ್ ಹಿಡಿದು ಬಂದ.

"ಏನು ತೊಂದರೆ, ಮೇಡಂ?" ಗುರುತೇ ಇಲ್ಲದವನ ಹಾಗೆ ಕೇಳಿದ.

"ಗುಂಯ್ ಅನ್ನುತ್ತೆ. ತಿರುಗಲ್ಲ."

"ಯಾವಾಗಿಂದ?"

ನಿಮಗೇ ಗೊತ್ತಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹೋದ ಸೋಮವಾರದಿಂದ" ಎಂದಳು. ಅವನ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

ಅವನು ಪ್ಲಗ್ ಕಿತ್ತು, ಮೆಷಿನ್ನನ್ನು ಗೋಡೆಯಿಂದ ಎಳೆದು, ಹಿಂಬದಿಯ ತಗಡು ಬಿಚ್ಚಿದ. ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದ, ಸರಿಯಾಗಿತ್ತು. ಮೋಟರನ್ನು ಕೈಯಿಂದ ತಿರುಗಿಸಿದ, ಸಲೀಸಾಗಿ ತಿರುಗಿತು. "ಟಾರ್ಚ್ ಹಿಡಿತೀರಾ?" ಎಂದ. ಅವಳು ಬಗ್ಗಿ ಹಿಡಿದಳು. ಬೆಳಕು ಮೋಟರಿನ ಮೇಲೆ ಬಿತ್ತು, ಅವನ ಕಣ್ಣು ಅವಳ ಕೈಯ ಮೇಲೆ. ವಾರವಿಡೀ ಬಟ್ಟೆ ಒಗೆದು ಬೆರಳಿನ ಗಿಣ್ಣುಗಳು ಕೆಂಪಾಗಿ ಬಿರಿದಿದ್ದವು. ಅವಳು ಕೈ ಹಿಂದಕ್ಕೆಳೆದಳು, ಟಾರ್ಚೂ ಅದರ ಜೊತೆ ಹೋಯಿತು.

"ಬೆಳಕು" ಎಂದ ಮೆಲ್ಲಗೆ.

"ನೀವು ಮೋಟರ್ ನೋಡಿ" ಎಂದಳು ಅದಕ್ಕಿಂತ ಮೆಲ್ಲಗೆ.

"ಏನಂತೆ ಪುಟ್ಟಿ?" ಹಾಲಿನಿಂದ ಅತ್ತಿಗೆ.

"ನೋಡ್ತಿದಾರೆ ಅತ್ತಿಗೆ."

ಎಂಥ ಪೇಚು ನೋಡಿ. ಮೋಟರ್ ಕೆಟ್ಟಿರುವ ತನಕ ಅವನು ಇಲ್ಲಿರಬಹುದು, ಆದರೆ ಮಾತಾಡುವ ಹಾಗಿಲ್ಲ. ಸರಿಹೋದರೆ ಮಾತಾಡಬಹುದು, ಆದರೆ ಅವನು ಹೊರಡಬೇಕು. ಅವನೂ ಅದನ್ನೇ ಯೋಚಿಸುತ್ತಿದ್ದನೇನೋ, ಒಂದೇ ಸ್ಕ್ರೂವನ್ನು ಬಿಚ್ಚಿ, ಹಾಕಿ, ಮತ್ತೆ ಬಿಚ್ಚುತ್ತಿದ್ದ.

"ಆಗದಿದ್ರೆ ಬಿಡಪ್ಪ" ಎಂದು ಅಣ್ಣ ಕೂತಲ್ಲಿಂದಲೇ ಕೂಗಿ ಹೇಳಿದ. "ಹೊಸದು ಯಾವಾಗಲಾದ್ರೂ ತಗೊಂಡ್ರಾಯ್ತು. ಅಲ್ಲಿ ತನಕ ಪುಟ್ಟಿ ಕೈಯಲ್ಲೇ ಒಗೀತಾಳೆ. ಅವಳಿಗೇನೂ ಬೇಜಾರಿಲ್ಲ."

"ಮೆಷಿನ್ ಇಲ್ದಿದ್ರೂ ನಡೆಯುತ್ತೆ. ಪುಟ್ಟಿ ಇಲ್ದಿದ್ರೆ ನಡೆಯಲ್ಲ" ಎಂದಳು ಅತ್ತಿಗೆ. ಇಬ್ಬರೂ ನಕ್ಕರು. ಹೊಗಳಿಕೆಯೇ ಅದು. ಬೇಜಾರಿದೆಯಾ ಎಂದು ಪುಟ್ಟಿಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಹೀಗೇ ನಗುನಗುತ್ತಾ ಈ ಇಕ್ಕಟ್ಟಿನಲ್ಲಿ ತನ್ನ ಕೂದಲು ಬೆಳ್ಳಗಾಗುತ್ತದೆ ಎಂದು ಅವಳಿಗೆ ಮೊದಲ ಬಾರಿಗೆ ಭಯವಾಯಿತು.

ಮೆಕ್ಯಾನಿಕ್ ಅವಳ ಮುಖ ನೋಡಿದ. ಸ್ಕ್ರೂ ಆಟ ಅಲ್ಲಿಗೆ ಮುಗಿಯಿತು.

"ಮೋಟರಿಗೇನೂ ಆಗಿಲ್ಲ" ಎಂದು ಹಾಲಿಗೂ ಕೇಳುವಂತೆ ಹೇಳಿದ. "ಕೆಪಾಸಿಟರ್ ಹೋಗಿದೆ. ಮೋಟರ್ ಹೊರಡೋಕೆ ಮೊದಲ ತಳ್ಳು ಕೊಡೋದು ಅದೇ." ಬೆರಳುದ್ದದ ಹಳೆಯ ಡಬ್ಬಿ ತೆಗೆದು ಹೊಸದನ್ನು ಕೂರಿಸಿ, ವೈರ್ ಸಿಕ್ಕಿಸಿ, ತಗಡು ಮುಚ್ಚಿದ. "ಬಟ್ಟೆ ಹಾಕಿ ಒಂದು ಸಲ ಓಡಿಸಿ ನೋಡ್ಬೇಕು."

ಅವಳು ರಾಶಿಯಿಂದ ಸಿಕ್ಕಿದ್ದನ್ನೆಲ್ಲ ತುಂಬಿ ಬಟನ್ ಒತ್ತಿದಳು. ನೀರು ತುಂಬಿತು. ಮೋಟರ್ ಗುಂಯ್ ಎಂದಿತು, ತಿರುಗಿತು. ಆ ಗಡಗಡ ಸದ್ದು ಕೇಳಿ ಅವಳಿಗೆ ಕಣ್ಣು ತುಂಬಿ ಬಂತು.

"ವಾರದಿಂದ ಊಟ ಸೇರಿಲ್ಲ" ಎಂದ ಅವನು, ಈಗ ತನ್ನ ಸ್ವಂತ ದನಿಯಲ್ಲಿ. "ಕೇಳಿದ್ದು ತಪ್ಪಾಯ್ತಾ?"

"ಅಲ್ಲಿ ಗೋಡೆ ದಪ್ಪ ಇದೆಯಾ?"

"ಎಲ್ಲಿ?"

"ನಿಮ್ಮ ಅಂಗಡಿ ಹತ್ರ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಂಗಡಿ ಮೇಲೆ ಒಂದು ರೂಮು, ಒಂದು ಅಡುಗೆಮನೆ. ಗೋಡೆ ತೆಳು. ಆದರೆ ಪಕ್ಕದ ಅಜ್ಜಿಗೆ ಕಿವಿ ಕೇಳಲ್ಲ. ನಾನೇ ಎರಡು ಸಲ ಕೂಗಿ ನೋಡಿದೀನಿ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ಆ ಕೈಯನ್ನು ಹಿಡಿದು, ಬಿರಿದ ಗಿಣ್ಣುಗಳ ಮೇಲೆ ಹೆಬ್ಬೆರಳು ಆಡಿಸಿದ. ಗ್ರೀಸ್ ಅಂಟಿತು. ಇಬ್ಬರೂ ಒರೆಸಿಕೊಳ್ಳಲಿಲ್ಲ.

"ಹೂಂ ಅನ್ನಿ ಸಾಕು. ಅಣ್ಣನ ಹತ್ರ ನಾನೇ ಮಾತಾಡ್ತೀನಿ."

ಹೂಂ ಎನ್ನುವುದು ಎಷ್ಟು ಸುಲಭವಾಗಿತ್ತು. ಆದರೆ ಅವಳು ಆ ಸದ್ದಿನ ಮರೆಯಲ್ಲಿ ಇದುವರೆಗೆ ಆಡಿದ ಯಾವ ಮಾತೂ ಹೊರಗೆ ಬದುಕಿರಲಿಲ್ಲ. ಮೋಟರ್ ನಿಂತೊಡನೆ ಅವಳು ಮತ್ತೆ ಎಲ್ಲರ ಪುಟ್ಟಿಯಾಗಿಬಿಡುತ್ತಿದ್ದಳು. ಇದೊಂದು ಮಾತು ಹಾಗಾಗಬಾರದು.

"ತಡೀರಿ" ಎಂದಳು.

"ಯಾಕೆ?"

"ಸ್ವಲ್ಪ ತಡೀರಿ."

ಅವನ ಮುಖ ಸಪ್ಪಗಾಯಿತು. ಅವಳು ಮೆಷಿನ್ನಿನ ಮುಚ್ಚಳದ ಮೇಲೆ ಅಂಗೈ ಊರಿ ಕಾದಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಅತ್ತಿಗೆಗೆ ಅದೇ ಮೊದಲು ಕೇಳಿಸೀತು ಎನಿಸಿತು.

ಟಕ್.

ಮೆಷಿನ್ ನಿಂತಿತು. ಹಾಲಿನಲ್ಲಿ ಮಕ್ಕಳ ಕಾರ್ಟೂನಿನ ಕೀಚಲು ದನಿ ಸ್ಪಷ್ಟವಾಗಿ ಕೇಳಿಸಿತು. ಅವನು ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟು ಬೇಡವೆಂದು ತಲೆಯಾಡಿಸಿದ. ಅವಳು ಅವನನ್ನೇ ನೋಡುತ್ತಾ, ಎಲ್ಲರೂ ಮಾತಾಡುವ ದನಿಯಲ್ಲಿ, ಹೇಳಿದಳು.

"ಬರ್ತೀನಿ. ನಿಮ್ಮನ್ನೇ ಮದುವೆ ಆಗ್ತೀನಿ."

ಹಾಲಿನಲ್ಲಿ ಚಮಚವೊಂದು ತಟ್ಟೆಯ ಮೇಲೆ ಬಿತ್ತು. ಯಾರೋ ಕಾರ್ಟೂನಿನ ಸದ್ದು ತಗ್ಗಿಸಿದರು.

"ಪುಟ್ಟಿ," ಅಣ್ಣನ ದನಿ ಸಣ್ಣದಾಗಿ ಬಂತು, "ಏನಂದೆ?"

"ಇವರನ್ನ ಮದುವೆ ಆಗ್ತೀನಿ ಅಂದೆ, ಅಣ್ಣ."

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. "ನಿಲ್ಲುತ್ತೆ ಅಂತ ಗೊತ್ತಿರಲಿಲ್ವಾ?" ಎಂದು ಪಿಸುಗುಟ್ಟಿದ.

"ಗೊತ್ತಿತ್ತು. ಅದಕ್ಕೇ ಕಾದೆ."

ಅತ್ತಿಗೆ ಅಡುಗೆಮನೆ ದಾಟಿ ಬಂದು ಬಾಗಿಲಲ್ಲಿ ನಿಂತಳು. ಅವನನ್ನು ನೋಡಿದಳು, ಗ್ರೀಸ್ ಮೆತ್ತಿದ ಪುಟ್ಟಿಯ ಕೈಯನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಟ್ಟೆ ನೆನೆದಾಗಿತ್ತು, ಮೋಟರ್ ಮತ್ತೆ ಗಡಗಡ ಶುರುವಾಯಿತು. ಅತ್ತಿಗೆಯ ಮೊದಲ ಮಾತು ಅದರಲ್ಲಿ ಮುಳುಗಿಹೋಯಿತು.

"ಏನಂದ್ರಿ?" ಎಂದಳು ಪುಟ್ಟಿ.

"ಇದನ್ನ ನಿಲ್ಸು ಅಂದೆ. ಮಾತಾಡ್ಬೇಕು" ಎಂದು ಅತ್ತಿಗೆ ಗಟ್ಟಿಯಾಗಿ ಹೇಳಿ, ತಾನೇ ಕೈ ಮುಂದೆ ಮಾಡಿದಳು. ಆ ಕೈ ಬಟನ್‌ಗಳ ಮೇಲೆ ಆಚೆ ಈಚೆ ಹೋಗಿ, ಯಾವುದನ್ನೂ ಒತ್ತದೆ ನಿಂತಿತು. ಅವಳ ಕಣ್ಣಲ್ಲಿ ಸಿಟ್ಟಿಗಿಂತ ದಿಕ್ಕೆಟ್ಟ ಭಾವವೇ ಹೆಚ್ಚಾಗಿತ್ತು.

ಪುಟ್ಟಿಗೆ ಅಯ್ಯೋ ಎನಿಸಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಮಾತ್ರ ಅನಿಸಲಿಲ್ಲ. ಅತ್ತಿಗೆಯ ಬೆರಳನ್ನು ಮೆಲ್ಲಗೆ ಹಿಡಿದು ಎಡಗಡೆಯ ದೊಡ್ಡ ಬಟನ್ ಮೇಲಿಟ್ಟಳು.

"ಇದು ಅತ್ತಿಗೆ. ಒತ್ತಿ" ಎಂದಳು. "ಕಲಿಯೋದು ಸುಲಭ."