ಗುಂಡನ ಕುದುಲೆ

"ಕುದುಲೆ," ಎಂದ ಗುಂಡ, ಡಬ್ಬಕ್ಕೆ ಬಾಯಿ ತಾಗಿಸಿ.

"ಗೊತ್ತಾಗ್ಲಿಲ್ಲ. ಇನ್ನೊಂದ್ ಸಲ ಹೇಳಿ," ಎಂದಿತು ಡಬ್ಬ.

ಅಂಗಳದಲ್ಲಿ ಸಾಲಾಗಿ ನಿಂತಿದ್ದ ಮಕ್ಕಳು ಕಿಸಕ್ಕೆಂದು ನಕ್ಕರು. ಗುಂಡನ ಅಕ್ಕ ಮಲ್ಲಿಯ ಮುಖ ಕೆಂಪಾಯಿತು. ಮಲ್ಲಿ ಅವಳ ನಿಜವಾದ ಹೆಸರೇನಲ್ಲ. ಮಾತಿನಮಲ್ಲಿ ಎಂದು ಕರೆದೂ ಕರೆದೂ ಕೊನೆಗೆ ಅರ್ಧ ಉಳಿದಿತ್ತು.

ಈ ಮಾತಾಡುವ ಡಬ್ಬ ಮಾಡಿದ್ದು ಕೆಳಗಿನ ಮನೆಯ ಸ್ಪೀಕರ್ ರಿಪೇರಿ ಆಂಟಿ. ಮಕ್ಕಳು ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ಕೂರುವುದನ್ನು ನೋಡಿ ಅವರಿಗೆ ರೋಸಿಹೋಗಿತ್ತು. ಆಟ ಇಷ್ಟೇ: ಒಬ್ಬರು ಡಬ್ಬಕ್ಕೆ ಪ್ರಾಣಿಯ ಹೆಸರು ಹೇಳಬೇಕು. ಕಪ್ಪೆ ಅಂದರೆ, "ಎಲ್ಲರೂ ಕಪ್ಪೆ ಥರ, ಗೇಟ್ ತನಕ!" ಎಂದು ಅದು ಕೂಗುತ್ತದೆ. ಹೆಸರು ಹೇಳಿದವರು ಮುಂದೆ, ಉಳಿದವರು ಹಿಂದೆ ಕುಪ್ಪಳಿಸಬೇಕು.

ನಾಲ್ಕು ವರ್ಷದ ಗುಂಡನ ನಾಲಿಗೆಗೆ 'ರ' ಹೊರಳುತ್ತಿರಲಿಲ್ಲ. ಹಾಗಾಗಿ ಅವನ ಸರದಿ ಬಂದಾಗಲೆಲ್ಲ ಮಲ್ಲಿಯೇ ಹೆಸರು ಹೇಳಿಬಿಡುತ್ತಿದ್ದಳು, ಮುಂದೆಯೂ ತಾನೇ ಓಡುತ್ತಿದ್ದಳು. ಗುಂಡ ಒಂದು ಸಲವೂ ಮುಂದಾಳಾಗಿರಲಿಲ್ಲ. ಇವತ್ತು ಅಕ್ಕನಿಗಿಂತ ಮೊದಲು ಅವನೇ ಡಬ್ಬ ಹಿಡಿದಿದ್ದ.

"ಕುದುಲೆ."

"ಗೊತ್ತಾಗ್ಲಿಲ್ಲ."

"ಆನೆ ಅನ್ನೋ, ಸುಲಭ," ಎಂದು ಮಲ್ಲಿ ಪಿಸುಗುಟ್ಟಿದಳು. "ಇಲ್ಲಾಂದ್ರೆ ನಾನೇ ಹೇಳ್ತೀನಿ, ಬಿಡು."

ಗುಂಡ ಡಬ್ಬವನ್ನು ತಬ್ಬಿಕೊಂಡ. "ಬೇಡ. ಇದು ನನ್ ಕುದುಲೆ." ಅವನ ಕಣ್ಣಲ್ಲಿ ನೀರಿತ್ತು. ಆದರೂ ಮೂರನೆಯ ಸಲ ಕೂಗಿಯೇ ಬಿಟ್ಟ.

"ಇದು ನಂಗೆ ಗೊತ್ತಿಲ್ಲದ ಪ್ರಾಣಿ. ಹೇಳಿದವರೇ ಓಡಿ ತೋರ್ಸಿ, ಎಲ್ಲರೂ ಕಲೀರಿ," ಎಂದಿತು ಡಬ್ಬ. ಆಮೇಲೆ ಗುಂಡನ ದನಿಯಲ್ಲೇ, "ಕುದುಲೆ!" ಎಂದಿತು. ಆಂಟಿ ಅದಕ್ಕೆ ಹಾಗೆ ಕಲಿಸಿಟ್ಟಿದ್ದರು. ಮೂರನೆಯ ಸಲದವರೆಗೆ ಯಾರೂ ಹೋಗಿರಲಿಲ್ಲ, ಅಷ್ಟೆ.

ಗುಂಡ ಒಂದು ಕೈಯನ್ನು ಬಾಲ ಮಾಡಿಕೊಂಡ. ಮೂರು ಹೆಜ್ಜೆ ಓಡಿದ, ಒಂದು ಸುತ್ತು ತಿರುಗಿದ, ಮತ್ತೆ ಓಡಿದ. ಅಂಗಳದ ಮಕ್ಕಳೆಲ್ಲ ಹಿಂದೆ ಹಿಂದೆ. "ಬಾಲ ಆಡ್ಸಿ," ಎಂದು ಅವನು ಗದರಿದ. ಏಳನೇ ಕ್ಲಾಸಿನ ಉದ್ದನೆಯ ಹುಡುಗನೂ ತೆಪ್ಪಗೆ ಬಾಲ ಆಡಿಸಿದ. ಮಲ್ಲಿ ಸಾಲಿನ ಕೊನೆಯಲ್ಲಿದ್ದಳು. ಅಲ್ಲಿಂದ ನೋಡಿದರೆ ತಮ್ಮ ಬಹಳ ದೂರದಲ್ಲಿದ್ದ. ದಿನಾ ಅವನಿಗೆ ತಾನೂ ಇಷ್ಟೇ ದೂರ ಕಾಣುತ್ತಿದ್ದೆನೇನೋ ಅನ್ನಿಸಿ, ಅವಳಿಗೆ ಬೇಜಾರಾಯಿತು.

ಸಂಜೆ ಮನೆಯಲ್ಲಿ ಅಮ್ಮ ಕೇಳಿದಳು, "ಇವತ್ತು ಏನಾಟ ಆಡ್ದೆ ಗುಂಡಾ?"

ಮಲ್ಲಿಯ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಥಟ್ಟನೆ ಲೋಟ ಎತ್ತಿ ಬಾಯಿತುಂಬ ನೀರು ತುಂಬಿಕೊಂಡಳು.

ಗುಂಡ ಅಕ್ಕನ ಮುಖ ನೋಡಿದ. ಆಮೇಲೆ ನಿಧಾನವಾಗಿ ಶುರುಮಾಡಿದ. ಅವನ ಕತೆ ಗೇಟ್ ಮುಟ್ಟುವವರೆಗೂ ಮಲ್ಲಿ ಆ ನೀರು ನುಂಗಲಿಲ್ಲ.