ಬೀಗ ಬೀಳದ ಫೋಲ್ಡರ್

ರೋಗಿ ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದ್ದ. ಅವನ ಹಲ್ಲಿನ ಎಕ್ಸ್‌ರೇ ಮಾತ್ರ ತೆರೆಯಲೊಲ್ಲದು. ದಂತವೈದ್ಯರು ಇನ್ನೊಂದು ಫೈಲು ಒತ್ತಿದರು, ಮತ್ತೊಂದು ಒತ್ತಿದರು. ಉಹುಂ. ಪರದೆಯ ಮೇಲೆ ಒಂದೇ ಮಾತು: 'ನಿಮ್ಮ ಫೈಲುಗಳಿಗೆ ಬೀಗ ಬಿದ್ದಿದೆ. ಕೀಲಿ ಬೇಕಾದರೆ ಹಣ ಕಳಿಸಿ.'

ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಕ್ಲಿನಿಕ್ಕಿನಲ್ಲಿ ತೀರ್ಪೇ ಆಗಿಹೋಗಿತ್ತು.

"ಇನ್ಯಾರು ಮೇಡಂ? ಕೌಂಟರ್‌ನಲ್ಲಿರೋ ಅಕ್ಕನೇ," ಅಂದ ವೈದ್ಯರ ಬಾಮೈದ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಅವನೇ. "ಬೆಳಿಗ್ಗೆ ಯಾವುದೋ ಇಮೇಲ್ ಫೈಲ್ ತೆರೆದಿದ್ದಾರೆ."

"ತೆರೆದೆ. ಹಲ್ಲಿನ ಸೆಟ್ ಮಾಡೋರು ಕಳಿಸಿದ ಚಿತ್ರ ಅದು," ಅಂದಳು ಅಕ್ಕ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. "ನನ್ನಿಂದ ಏನೂ ಆಗಿಲ್ಲ."

ವೈದ್ಯರು ಅವಳತ್ತ ತಿರುಗಿಯೂ ನೋಡಲಿಲ್ಲ. "ಅದು ಸಂಜೆಯೊಳಗೆ ಸಾಬೀತಾಗಲಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು.

*

ಅನುಮಾನದ ಫೈಲುಗಳನ್ನು ಓಡಿಸಿ ನೋಡಲೆಂದೇ ಠಾಣೆಯಲ್ಲಿ ಒಂದು ಒಂಟಿ ಕಂಪ್ಯೂಟರ್ ಇತ್ತು. ಬೇರೆ ಯಾವುದಕ್ಕೂ ಅದರ ಸಂಪರ್ಕವಿಲ್ಲ. ಕ್ಲಿನಿಕ್ಕಿನಲ್ಲಿದ್ದ ಎಲ್ಲ ಫೋಲ್ಡರುಗಳನ್ನೂ, ಅಡಗಿಸಿಟ್ಟವುಗಳನ್ನೂ ಸೇರಿಸಿ, ಇನ್‌ಸ್ಪೆಕ್ಟರ್ ಅದೇ ಹೆಸರಿನಲ್ಲಿ ಅಲ್ಲಿ ಮಾಡಿ, ಒಳಗೆ ಸುಳ್ಳು ಫೈಲು ತುಂಬಿದಳು. ಇಮೇಲಿನ ಫೈಲು ತೆರೆದಳು.

ಹಲ್ಲಿನ ಚಿತ್ರ ಬಂತು. ಅಷ್ಟೇ. ಕಾದಳು. ಹೊತ್ತು ನೋಡಿ ಕಚ್ಚುವಂಥದ್ದೇನೋ ಅಂತ ಕಂಪ್ಯೂಟರಿನ ಗಡಿಯಾರ ಮುಂದಕ್ಕೆ ತಿರುಗಿಸಿದಳು. ಮನುಷ್ಯರಿದ್ದಾರೆ ಅಂತ ನಂಬಿಸಲು ಮೌಸ್ ಆಡಿಸಿದಳು. ಏನೂ ಆಗಲಿಲ್ಲ.

"ಥೂ, ದರಿದ್ರದ್ದೇ! ಕಚ್ಚೋದಾದ್ರೆ ಕಚ್ಚು!"

ಮಧ್ಯಾಹ್ನವೆಲ್ಲ ಇದೇ ಗೋಳು. ತಲೆ ಚಿಟ್ಟುಹಿಡಿಯಿತು. ಇದು ಕಚ್ಚುವ ಹಾವೇ ಅಲ್ಲ ಅಂತ ಕೊನೆಗೆ ಒಪ್ಪಿಕೊಂಡಳು. ಅನುಮಾನ ಬಂದು ಕ್ಲಿನಿಕ್ಕಿನಿಂದ ತಂದಿದ್ದ ಇನ್ನೊಂದು ಫೈಲನ್ನು ಎತ್ತಿಕೊಂಡಳು. ಪ್ರಿಂಟರಿನ ಪ್ರೋಗ್ರಾಂ ಅಂತ ಹೆಸರು. ಓಡಿಸಿದಳು.

ಕಣ್ಣೆದುರೇ ಫೈಲುಗಳಿಗೆ ಬೀಗ ಬೀಳತೊಡಗಿತು. ಎಲ್ಲಕ್ಕೂ. 'ಹಳೇದು' ಎಂಬ ಅಡಗಿಸಿಟ್ಟ ಫೋಲ್ಡರೊಂದನ್ನು ಬಿಟ್ಟು. ಮತ್ತೆ ಮೊದಲಿಂದ ಓಡಿಸುವ ಮುನ್ನ, ಒಂದೇ ಫೈಲನ್ನು ಅದರಲ್ಲೂ ಪಕ್ಕದ ಫೋಲ್ಡರಿನಲ್ಲೂ ಇಟ್ಟಳು. ಪಕ್ಕದ್ದಕ್ಕೆ ಬೀಗ. 'ಹಳೇದು' ಒಳಗಿನದ್ದನ್ನು ಮುಟ್ಟಲಿಲ್ಲ.

*

"ಇಂಥ ಪ್ರೋಗ್ರಾಂ ಕಂಪ್ಯೂಟರ್ ನಡೆಯೋಕೆ ಬೇಕಾದ ಫೈಲುಗಳನ್ನ ಬಿಡುತ್ತೆ," ಅಂದಳು ಸಂಜೆ ಕ್ಲಿನಿಕ್ಕಿಗೆ ಮರಳಿದ ಇನ್‌ಸ್ಪೆಕ್ಟರ್. "ಇಲ್ಲದಿದ್ರೆ ಬೆದರಿಕೆ ತೋರಿಸೋದಾದ್ರೂ ಎಲ್ಲಿ? ಆದ್ರೆ ಇದು 'ಹಳೇದು' ಅನ್ನೋ ಫೋಲ್ಡರನ್ನೂ ಬಿಟ್ಟಿದೆ. ಡಾಕ್ಟ್ರೇ, ಅದು ಯಾರದ್ದು?"

"ಅಂಥದ್ದೊಂದು ಇರೋದೇ ನನಗೆ ಗೊತ್ತಿಲ್ಲ."

ಬಾಮೈದ ಸಿಡುಕಿದ. "ನನ್ನ ಹಾಡುಗಳ ತಂಟೆ ನಿಮಗ್ಯಾಕೆ?"

"ಹಾಡು ಅಂತ ನಾನು ಹೇಳಲೇ ಇಲ್ಲವಲ್ಲ."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ಹೊರಗಿನ ಕಳ್ಳನಿಗೆ ನಿಮ್ಮ ಹಾಡಿನ ಮೇಲೆ ಪ್ರೀತಿ ಇರಲ್ಲ. ಆ ಫೋಲ್ಡರನ್ನ ಬಿಡು ಅಂತ ಪ್ರೋಗ್ರಾಂಗೆ ಮೊದಲೇ ಹೇಳಿಕೊಟ್ಟಿದ್ದು ನೀವು. ಪಾಪ, ಇಮೇಲಿನಲ್ಲಿದ್ದದ್ದು ಬರೀ ಹಲ್ಲು."

ಅವನ ಮುಖ ಬಿಳಿಚಿಕೊಂಡಿತು. "ಭಾವ ಕ್ಲಿನಿಕ್ಕಿನ ಉಸ್ತುವಾರಿನೆಲ್ಲ ಆ ಕೌಂಟರ್‌ನವಳಿಗೇ ಕೊಡ್ತೀನಿ ಅಂದ್ರು. ನಾನೇನು ಲೆಕ್ಕಕ್ಕೇ ಇಲ್ವಾ?"

ಕೀಲಿ ಅವನ ಹತ್ತಿರವೇ ಇತ್ತು. ಎಕ್ಸ್‌ರೇಗಳು ಒಂದೊಂದಾಗಿ ತೆರೆದುಕೊಂಡವು.

ವೈದ್ಯರು ಅಕ್ಕನತ್ತ ತಿರುಗಿದರು. "ನಾಳೆ ಎಂದಿನ ಹಾಗೆ ಬಂದುಬಿಡಿ ಅಕ್ಕ."

"ನನ್ನಿಂದ ಏನೂ ಆಗಿಲ್ಲ ಅಂತ ಬೆಳಿಗ್ಗೆಯೇ ಹೇಳಿದ್ದೆ, ಡಾಕ್ಟ್ರೇ. ನಂಬೋಕೆ ನಿಮಗೆ ಯಂತ್ರ ಬೇಕಾಯ್ತು. ನಾಳೆಯಿಂದ ಕೌಂಟರ್‌ನಲ್ಲೂ ಅದನ್ನೇ ಕೂರಿಸ್ಕೊಳ್ಳಿ."

ಚೀಲ ಹೆಗಲಿಗೇರಿಸಿ ಹೊರಟುಹೋದಳು. ಅವಳನ್ನು ತಡೆಯಬೇಕೆಂದು ಇನ್‌ಸ್ಪೆಕ್ಟರಿಗೆ ಅನಿಸಲಿಲ್ಲ.