ಕತ್ತಿಯ ಮೇಲಿನ ಕಲೆ

"ಈ ಕಲೆ ಒಂದನ್ನ ಉಜ್ಜಬೇಡಿ ಡಾಕ್ಟ್ರೇ. ಮಿಕ್ಕಿದ್ದು ನಿಮ್ಮಿಷ್ಟ."

ಮುದುಕ ಎಡಗೈಯಿಂದ ಕತ್ತಿಯನ್ನು ಮೇಜಿನ ಮೇಲಿಟ್ಟ. ಅವನ ಬಲತೋಳು ಮೊಣಕೈಗೇ ಮುಗಿದಿತ್ತು. ಅಪಘಾತವಿರಬೇಕು ಎಂದುಕೊಂಡ ವೈದ್ಯ ಕೇಳಲು ಹೋಗಲಿಲ್ಲ.

ಹಿಂದಿನ ಕಾಲದ ಸೇನಾ ವೈದ್ಯರು ಸೊಂಟಕ್ಕೆ ಕಟ್ಟುತ್ತಿದ್ದ ಕತ್ತಿಗಳನ್ನು ಕೂಡಿಡುವ ಹುಚ್ಚು ಈ ವೈದ್ಯನಿಗೆ ಹೊಸದಾಗಿ ಹತ್ತಿತ್ತು. ಅವು ಮೆರವಣಿಗೆಯ ಕತ್ತಿಗಳು, ಹರಿತವಿಲ್ಲದವು. ಅವನ ಗೋಡೆಯ ಮೇಲಿದ್ದವೆಲ್ಲ ಫಳಫಳ ಹೊಳೆಯುತ್ತಿದ್ದವು. ಇದರ ಅಲಗಿನ ಮೇಲೆ ಮಾತ್ರ ಹಿಡಿಯಿಂದ ತುದಿಯತನಕ ಕಂದು ಕಲೆ.

"ಇದನ್ನ ಕಟ್ಟಿದ್ದ ಡಾಕ್ಟ್ರು, ಗಾಯ ಆಗಿ ಬಿದ್ದಿದ್ದ ಸಿಪಾಯಿನ ದಾಟ್ಕೊಂಡು ಹೋಗ್ಬಿಟ್ರಂತೆ. ಅವನ ತಾಯಿ ಮಗನ ರಕ್ತಾನೇ ಇದಕ್ಕೆ ಬಳಿದು ಮಾಟ ಮಾಡಿದ್ಲು. ನಿನ್ನ ಕೈಗುಣ ಸತ್ತು ಹೋಗ್ಲಿ, ನೀನು ಮುಟ್ಟಿದ ಗಾಯ ಮಾಯದೇ ಇರ್ಲಿ ಅಂತ. ಆ ಶಾಪ ಈ ಕಲೇಲಿ ಮಲಗಿದೆ. ಉಜ್ಜಿದ ಕೈಗೆ ಹತ್ತುತ್ತೆ."

"ಸೋಪು ಹಚ್ಚಿ ತೊಳ್ಕೊಂಡ್ರಾಯ್ತು ಬಿಡಿ," ಎಂದು ವೈದ್ಯ ನಕ್ಕ.

ಮುದುಕ ನಗಲಿಲ್ಲ. "ಅದು ಕತ್ತಿಗೆ ವಾಪಸ್ ಹೋಗೋದು ಆ ಕೈಯಿಂದ ರಕ್ತ ಕೊಟ್ಟಾಗ ಮಾತ್ರ. ಎಷ್ಟು ಅಂತ ಅದೇ ಹೇಳುತ್ತೆ."

ಕತ್ತಿ ಕೊಂಡು ವೈದ್ಯ ಮನೆಗೆ ಬಂದ. ಅಲ್ಲಿ ಅಕ್ಕನಿದ್ದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ, ತಾನು ಮದುವೆಯೂ ಆಗದೆ ಓದಿಸಿದವಳು. ಕಲೆ ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ.

"ಏನೋ ಇದು, ಮೂಗು ಒರೆಸಿದ ಹಾಗಿದೆ! ಉಜ್ಜಿ ನೇತುಹಾಕೋ ಮಾರಾಯ."

ಅವನು ಉಜ್ಜಿದ. ಕಲೆ ಹೋಗುತ್ತಿದ್ದಂತೆ ಕೋಣೆಯಲ್ಲಿ ಹಳೆಯ ಕೀವಿನ ವಾಸನೆ ಎದ್ದಿತು. ಗೋಡೆಯಾಚೆ ಯಾರೋ ಸಣ್ಣಗೆ ನರಳಿದಂತಾಯಿತು. ಅಲಗು ಹೊಳೆಯಿತು. ಅವನ ಬಲ ಅಂಗೈ ಕಂದಾಗಿತ್ತು. ಪಾಲಿಶ್ ಇರಬೇಕೆಂದು ತೊಳೆದ. ಹೋಗಲಿಲ್ಲ.

ಮರುದಿನ ಮಧ್ಯಾಹ್ನ ತರಕಾರಿ ಹೆಚ್ಚುತ್ತಿದ್ದ ಅಕ್ಕ ಹೆಬ್ಬೆರಳು ಕೊಯ್ದುಕೊಂಡಳು. ಗೀರಿದಷ್ಟೇ ಗಾಯ. ಅವನು ಓಡಿಬಂದು ಒತ್ತಿ ಹಿಡಿದ.

ರಕ್ತ ನಿಲ್ಲಲಿಲ್ಲ. ಹತ್ತಿ ನೆನೆಯಿತು. ಟವೆಲ್ ನೆನೆಯಿತು. ಹೊಲಿಗೆ ಹಾಕಿದ, ಹೊಲಿಗೆಯ ತೂತುಗಳಿಂದಲೂ ರಕ್ತ. ಅಕ್ಕನ ಮುಖ ಬಿಳುಚಿತು. "ತಲೆ ಸುತ್ತುತ್ತೋ..." ಎಂದವಳು ಅವನ ಹೆಗಲಿಗೆ ಒರಗಿ ಎಚ್ಚರ ತಪ್ಪಿದಳು. ಮತ್ತೆ ಅದೇ ವಾಸನೆ. ಅದೇ ನರಳಾಟ. ಮುದುಕನ ಮಾತು ನೆನಪಾಯಿತು.

ಗೋಡೆಯತ್ತ ಓಡಿದ. ಕತ್ತಿ ಸೆಳೆದ. ಒಂದು ಹನಿ ಸಾಕು ಎಂದುಕೊಂಡು ಬಲಗೈ ಬೆರಳನ್ನು ಅಲಗಿಗೆ ಮುಟ್ಟಿಸಿದ. ಮೊಂಡು ಅಲಗು. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಕೈ ಎಳೆದುಕೊಳ್ಳಲು ಆಗಲಿಲ್ಲ. ಎರಡು ಬೆರಳು ನೆಲಕ್ಕೆ ಬಿದ್ದವು. ಅಂಗೈಯ ಕಂದು ಮಾಯವಾಯಿತು, ಅಲಗಿನ ಮೇಲೆ ಕಲೆ ಮರಳಿತು. ಅಡುಗೆಮನೆಯಲ್ಲಿ ಅಕ್ಕನ ರಕ್ತ ನಿಂತಿತು.

ಅವನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅಕ್ಕ ಚೇತರಿಸಿಕೊಂಡು ಓಡಾಡುತ್ತಿದ್ದಳು. ಇನ್ನು ಆಪರೇಷನ್ ಮಾಡುವ ಕೈ ಅವನಿಗಿರಲಿಲ್ಲ. ಹೋಗಲಿ, ಅಕ್ಕ ಉಳಿದಳಲ್ಲ. ನಡೆದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಕೈ ಜಾರಿತು ಎಂದಷ್ಟೇ ಅವಳಿಗೆ ಹೇಳಿದ್ದ.

"ಬಾರೋ, ಕೂತ್ಕೋ," ಎಂದಳು ಅಕ್ಕ. "ಮನಸ್ಸು ಕೆಡಿಸ್ಕೋಬೇಡ. ಬೆಳಿಗ್ಗೆ ನಿನ್ನ ಕತ್ತಿ ಉಜ್ಜಿಟ್ಟೆ. ನೋಡು, ಹೇಗೆ ಹೊಳೀತಿದೆ!"

ಅವನು ಗೋಡೆ ನೋಡಿದ. ಅಷ್ಟರಲ್ಲಿ ಅಕ್ಕ ಅವನ ಬ್ಯಾಂಡೇಜಿನ ಕೈಯನ್ನು ತನ್ನ ಕಂದು ಅಂಗೈಯಲ್ಲಿಟ್ಟುಕೊಂಡು, ಚಿಕ್ಕಂದಿನಲ್ಲಿ ಸವರುತ್ತಿದ್ದಂತೆ ಮೆಲ್ಲಗೆ ಸವರುತ್ತಿದ್ದಳು.

"ಇದ್ಯಾಕೋ," ಎಂದಳು, "ಒದ್ದೆ ಆಗ್ತಿದೆ?"